ಮಾಮಿಯ ಹಾಡಿಗೆ ನಾನು ಬೆಸೆದ ವಯರು

ಸ್ವಲ್ಪ ತಡೆಯಿರಿ. ಬೇರೇನಾದರೂ ಓದಲಿಕ್ಕೆ ಹೊರಟಿದ್ದರೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ಮಾಮಿ ಮೈಕು ಹಿಡಿಯುವ ಜಾಗದವರೆಗೆ ಕಾಯಿರಿ, ಆಮೇಲೆ ಎದ್ದು ಹೋಗುವುದಾದರೆ ಹೋಗಿ. ಆದರೆ ಮಾಮಿಗಿಂತ ಮೊದಲು ಒಂದು ವಯರು ಬರುತ್ತದೆ. ಆ ವಯರನ್ನು ಮಾಡಿದ್ದು ನಾನು. ಕೈಯಾರೆ, ಇಷ್ಟಪಟ್ಟು, ಯಾರ ಮಾತನ್ನೂ ಕೇಳದೆ.

ನನ್ನ ಮನೆ ಮಾಣಿಯ ಹತ್ತಿರ, ಕೆಲಸ ಮೂಡುಬಿದಿರೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ದಿನವಿಡೀ ಮದುಮಕ್ಕಳ ಮುಖ ಬೆಳ್ಳಗೆ ಮಾಡುವುದು, ಶುಭಾಶಯ ಕೋರುವವರ ಮುಗಿದ ಕೈಗಳನ್ನು ಒಂದೇ ಸಾಲಿಗೆ ತರುವುದು, ಇದು ಹೊಟ್ಟೆಪಾಡು. ಸೌಂಡು ನನ್ನ ಹುಚ್ಚು. ಯಾರೂ ಕಲಿಸಿದ್ದಲ್ಲ. ಬಸ್ಸಿನಲ್ಲಿ ಕೂತು ವೀಡಿಯೋ ನೋಡಿ, ಮನೆಯಲ್ಲಿದ್ದ ಹಳೆಯ ಟೇಪ್ ರೆಕಾರ್ಡರ್ ಬಿಚ್ಚಿ, ಅಪ್ಪನಿಂದ ಬೈಸಿಕೊಂಡು, ಅದನ್ನು ಪುನಃ ಮುಚ್ಚಿ, ಎರಡು ಸ್ಕ್ರೂ ಉಳಿಸಿಕೊಂಡು ಕಲಿತದ್ದು. ಈಗ ನಮ್ಮ ಕುಟುಂಬದಲ್ಲಿ ಶಬ್ದ ಮಾಡುವ ಯಾವ ವಸ್ತು ಹಾಳಾದರೂ ನನಗೆ ಫೋನು ಬರುತ್ತದೆ. ಒಮ್ಮೆ ಮಿಕ್ಸಿಗೂ ಬಂದಿತ್ತು.

ಮಾಮಿ ಎಂದರೆ ನನ್ನ ಸೋದರಮಾವನ ಹೆಂಡತಿ. ಮಾವ ಗಲ್ಫಿನಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ಮಾಮಿಗೆ ಗುರುವಾಯನಕೆರೆಯಲ್ಲಿ ಟೈಲರಿಂಗ್ ಅಂಗಡಿ. ರವಿಕೆ ಹೊಲಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ರವಿಕೆ ಬಿಗಿಯಾಯಿತೆಂದು ಜಗಳಕ್ಕೆ ಬಂದವರನ್ನು, "ಅಳತೆ ಕೊಟ್ಟ ಮೇಲೆ ನೀವು ಎಷ್ಟು ಮದುವೆ ಊಟ ಮಾಡಿದ್ದೀರಿ, ಅದನ್ನು ಮೊದಲು ಹೇಳಿ" ಎಂದು ಕೇಳಿ ವಾಪಸು ಕಳುಹಿಸುವುದರಲ್ಲಂತೂ ಇಲ್ಲವೇ ಇಲ್ಲ. ಅಂದ ಹಾಗೆ, ನಾವು ಮಾತಾಡುವುದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಬೈಗಳಲ್ಲಿ ಖಾರ ಕಡಿಮೆ ಅನ್ನಿಸಿದರೆ ಅದು ಮಾಮಿಯ ತಪ್ಪಲ್ಲ.

ಆಟಿ ತಿಂಗಳು, ಅಂದರೆ ತುಳುವರ ಆಷಾಢ, ಬಂತೆಂದರೆ ನಮ್ಮ ಕಡೆ ಎಲ್ಲ ಸಂಘದವರೂ 'ಆಟಿಡೊಂಜಿ ದಿನ' ಮಾಡುತ್ತಾರೆ, ಆಟಿಯಲ್ಲೊಂದು ದಿನ. ಹಿಂದೆ ಅದು ಸುರಿಯುವ ಮಳೆಯಲ್ಲಿ ಕೆಲಸವೂ ಇಲ್ಲದೆ, ಅಕ್ಕಿಯೂ ಇಲ್ಲದೆ ಸೊಪ್ಪು ಸದೆ ತಿಂದು ಕಳೆಯುತ್ತಿದ್ದ ತಿಂಗಳು. ಈಗ ಅದೇ ಸೊಪ್ಪನ್ನು ಇಪ್ಪತ್ತು ಬಗೆ ಮಾಡಿ, ಬಾಳೆಲೆ ಹಾಸಿದ ಮೇಜಿನ ಮೇಲೆ ಸಾಲಾಗಿ ಇಟ್ಟು, ಫೋಟೋ ತೆಗೆದು, ಭಾಷಣ ಕೇಳಿ, ಆಮೇಲೆ ತಿನ್ನುತ್ತೇವೆ. ಮಾಮಿ ಸದಸ್ಯೆಯಾಗಿರುವ ಮಹಿಳಾ ಮಂಡಲದಲ್ಲೂ ಇದು ಪ್ರತಿವರ್ಷ ಉಂಟು. ಪ್ರತಿವರ್ಷ ಅಲ್ಲಿ ಹಾಡುವುದು ಮಂಡಲದ ಅಧ್ಯಕ್ಷೆ. ಅವರ ಹಾಡೆಂದರೆ ಕ್ಯಾಸೆಟ್ಟಿನಲ್ಲಿ ಕೇಳಿದ ಹಾಗೆಯೇ ಇರುತ್ತದೆಂದು ಊರಿಡೀ ಹೆಸರು.

ಕಳೆದ ಆಟಿಯ ಮೊದಲು ನಡೆದ ಮೀಟಿಂಗಿನಲ್ಲಿ, ಯಾರೆಲ್ಲ ಏನೇನು ಮಾಡುತ್ತೀರಿ ಎಂದು ಅಧ್ಯಕ್ಷೆ ಕೇಳಿದಾಗ ಮಾಮಿ ಕೈ ಎತ್ತಿದರಂತೆ. "ನಾನೂ ಒಂದು ಹಾಡು ಹೇಳ್ತೇನೆ." ಅಧ್ಯಕ್ಷೆ ಪೆನ್ನು ಕೆಳಗಿಟ್ಟು, "ನಿಮಗೆ ಹಾಡಾ? ನಿಮ್ಮದು ಕೆಸುವಿನೆಲೆಯ ಪತ್ರೊಡೆ ಬರ್ಲಿ ಮಾರಾಯ್ತಿ, ಅಷ್ಟು ಸಾಕು. ಹಾಡ್ಲಿಕ್ಕೆ ಸ್ವರ ಅಂತ ಒಂದು ಬೇಕಲ್ವಾ?" ಎಂದರಂತೆ. ಎಲ್ಲರೂ ನಕ್ಕರಂತೆ.

ಆ ದಿನ ಸಂಜೆ ನಾನು ಮೂಡುಬಿದಿರೆಯಿಂದ ಬಸ್ಸು ಹತ್ತಿದ್ದೆನಷ್ಟೇ, ಮಾಮಿಯ ಫೋನು ಬಂತು.

"ಹೆಸರು ಕೊಟ್ಟಾಯಿತು. ಇನ್ನು ನಾನು ಹಾಡದೆ ಇದ್ದರೆ, ಇಲ್ಲ ಹಾಡಿ ಮರ್ಯಾದೆ ಹೋದರೆ, ಆ ಹೆಂಗಸಿನ ಮುಖ ನೋಡ್ಲಿಕ್ಕೆ ಉಂಟಾ? ಅವಳ ರವಿಕೆ ಹೊಲಿಯುವುದು ನಾನೇ. ತಿಂಗಳಿಗೆ ಎರಡು ಸರ್ತಿ ಅಂಗಡಿಗೆ ಬರ್ತಾಳೆ."

"ನಿಮಗೆ ಹಾಡ್ಲಿಕ್ಕೆ ಬರ್ತದಾ ಮಾಮಿ?"

"ಇಲ್ಲ."

"ಮತ್ತೆ?"

"ಅದಕ್ಕೇ ನಿನಗೆ ಫೋನು ಮಾಡಿದ್ದು. ನೀನು ಲ್ಯಾಪ್‌ಟಾಪಿನಲ್ಲಿ ಅಸಲು ಹಾಡನ್ನೇ ಹಾಕು. ಹಾಡಿದವಳ ಸ್ವರ ಜೋರಾಗಿ ಬರ್ಲಿ, ನಾನು ಅದರ ಅಡಿಯಲ್ಲಿ ಹೇಳ್ತಾ ಹೋಗ್ತೇನೆ. ಸೀರೆಗೆ ಫಾಲ್ ಹೊಲಿಯುವುದಿಲ್ಲವಾ, ಹಾಗೆ. ಸೀರೆ ಕಾಣ್ಬೇಕು, ಫಾಲ್ ಕಾಣ್ಬಾರ್ದು."

"ಕರೋಕೆ ಅಂತ ಉಂಟು ಮಾಮಿ, ಬರೀ ಮ್ಯೂಸಿಕ್..."

"ಅದರಲ್ಲಿ ಹಾಡುವವಳೇ ಇರುವುದಿಲ್ಲವಂತಲ್ಲ! ಮತ್ತೆ ಹಾಡುವುದು ಯಾರು, ನಿನ್ನ ಮಾವನಾ?"

ಬಸ್ಸಿನಲ್ಲಿ ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ನಕ್ಕೆ. ಹೂಂ ಎಂದೆ. ಮಾಮಿಯ ಮರ್ಯಾದೆ ಹೀಗೆ ನನ್ನ ಕೈಗೆ ಬಂತು.

ಇನ್ನು ವಯರಿನ ವಿಷಯ. ಮಂಡಲದ ಕಾರ್ಯಕ್ರಮಗಳಿಗೆ ಮೈಕು, ಸ್ಪೀಕರು ತರುವವರು ಅದೇ ಊರಿನ ಒಬ್ಬರು ಅಣ್ಣ, ಐವತ್ತು ದಾಟಿದವರು. ಅವರಿಗೆ ಫೋನು ಮಾಡಿ, ಲ್ಯಾಪ್‌ಟಾಪಿನಿಂದ ನಿಮ್ಮ ಮಿಕ್ಸರಿಗೆ ಹಾಡು ಕೊಡಲಿಕ್ಕಿದೆ ಎಂದೆ. ಮೈಕು, ಹಾಡು ಎಲ್ಲ ಬಂದು ಸೇರಿ ಸ್ಪೀಕರಿಗೆ ಹೋಗುವ, ಶಬ್ದ ಏರಿಸಿ ಇಳಿಸುವ ಗುಬ್ಬಿಗಳಿರುವ ಪೆಟ್ಟಿಗೆಯೇ ಮಿಕ್ಸರು.

"ಬಾ ತಂಗಿ, ನನ್ನ ಹತ್ರ ಎರಡು ಕಾಲಿನ ವಯರುಂಟು. ಅದರಲ್ಲೇ ಕೊಡುವ."

ಎರಡು ಕಾಲಿನ ವಯರು ನಿಮಗೂ ಗೊತ್ತಿರುತ್ತದೆ. ಒಂದು ತುದಿಯಲ್ಲಿ ಇಯರ್‌ಫೋನಿಗಿರುವಂಥ ಸಣ್ಣ ಪಿನ್ನು, ಅಲ್ಲಿಂದ ಕವಲೊಡೆದು ಇನ್ನೊಂದು ತುದಿಯಲ್ಲಿ ಎರಡು ದಪ್ಪ ಪಿನ್ನು. ಎಡಕ್ಕೊಂದು, ಬಲಕ್ಕೊಂದು. ಅಣ್ಣನ ವಯರನ್ನು ನಾನು ನೋಡಿದ್ದೆ. ಮೂರು ಕಡೆ ಕರಿ ಟೇಪು ಸುತ್ತಿದ, ಓತಿಕ್ಯಾತನ ಬಾಲದಂಥ ವಯರು. ನನಗೆ ತಾತ್ಸಾರ. ನಾನು ನೋಡುವ ವೀಡಿಯೋಗಳಲ್ಲಿ ದೊಡ್ಡ ದೊಡ್ಡ ಸ್ಟುಡಿಯೋದವರು ಬಳಸುವುದು ಮೈಕಿಗೆ ಹಾಕುವ ಮೂರು ಪಿನ್ನಿನ ದಪ್ಪ ವಯರು. ಮಾಮಿಗೆ ಅದೇ ಬೇಕು ಎಂದು ನಾನು ತೀರ್ಮಾನಿಸಿದೆ. ಮಾಮಿ ತೀರ್ಮಾನಿಸಿರಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೂಡುಬಿದಿರೆಯ ಒಂದು ಇಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಳ್ಳೆಯ ಮೈಕ್ ವಯರು, ಬಂಗಾರದ ಬಣ್ಣದ ಸಣ್ಣ ಪಿನ್ನು, ಮೂರು ಕಡ್ಡಿಯ ದಪ್ಪ ಪಿನ್ನು ತಂದೆ. ಮನೆಯಲ್ಲಿ ಸೋಲ್ಡರಿಂಗ್ ಕಡ್ಡಿ ಬಿಸಿಗಿಟ್ಟು ಕೂತೆ. ಸಣ್ಣ ಪಿನ್ನನ್ನು ಸರಿಯಾಗಿ ನೋಡಿದರೆ ಅದರ ಮೇಲೆ ಕರಿ ಗೆರೆಗಳಿವೆ, ಅವು ಅದನ್ನು ಮೂರು ಭಾಗ ಮಾಡುತ್ತವೆ: ಎಡ, ಬಲ, ಎರಡಕ್ಕೂ ಸೇರಿದ ಅರ್ತಿಂಗ್. ದಪ್ಪ ಪಿನ್ನಿನಲ್ಲೂ ಮೂರು ಕಡ್ಡಿ. ಇಲ್ಲಿ ಮೂರು, ಅಲ್ಲಿ ಮೂರು, ವಯರಿನೊಳಗೂ ಎಳೆ ಮೂರು! ದೇವರೇ ಜಾತಕ ಹೊಂದಿಸಿ ಕಳುಹಿಸಿದ ಹಾಗೆ ಕಂಡಿತು. ಮೂರಕ್ಕೆ ಮೂರನ್ನು ಬೆಸೆದು, ಫೋಟೋ ತೆಗೆದು ಅಣ್ಣನಿಗೆ ಕಳುಹಿಸಿದೆ.

ಅವರು ಫೋನೇ ಮಾಡಿದರು. "ಚಂದ ಬೆಸೆದಿದ್ದಿ. ಆದರೆ ಮೂರೂ ಯಾಕೆ ಬೆಸೆದದ್ದು? ಒಂದನ್ನು ಬಿಡ್ಬೇಕಿತ್ತಲ್ಲ."

"ಬಿಡ್ಲಿಕ್ಕೆ ಯಾಕಣ್ಣ? ಲೆಫ್ಟು, ರೈಟು ಎರಡೂ ಬರ್ಬೇಕಲ್ವಾ?"

"ಅದೆಲ್ಲ ನಂಗೆ ಗೊತ್ತಿಲ್ಲ. ನನಗೆ ಕೆಲಸ ಕಲಿಸಿದವರು ಒಂದನ್ನು ಬಿಡ್ತಿದ್ದರು. ನಾನೂ ಬಿಡ್ತೇನೆ."

ಕಾರಣ ಗೊತ್ತಿಲ್ಲದೆ ಬಿಡುವುದೆಂದರೆ ಮೂಢನಂಬಿಕೆ ಎಂದು ನಾನು ಮನಸ್ಸಿನಲ್ಲೇ ಒಂದು ಸಣ್ಣ ಭಾಷಣ ಮಾಡಿದೆ. ಕಾರಣ ನನಗೂ ಗೊತ್ತಿರಲಿಲ್ಲ ಎಂಬುದು ಆ ಭಾಷಣದಲ್ಲಿ ಬರಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಬಿ.ಸಿ. ರೋಡಿನಿಂದ ಬಸ್ಸು ಹಿಡಿದು ಮಂಡಲದ ಹಾಲಿಗೆ ಬೇಗ ಮುಟ್ಟಿದೆ. ಒಳಗೆ ತಗಟೆ ಸೊಪ್ಪಿನ ಅಂಬಡೆ, ಅಂದರೆ ವಡೆ, ಕಾಯಿಸುವ ವಾಸನೆ. ಅಣ್ಣ ಸ್ಪೀಕರು ನಿಲ್ಲಿಸಿ ಆಗಿತ್ತು. ನನ್ನ ವಯರನ್ನು ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಹಾಕಿ, ಪರೀಕ್ಷೆಗೆಂದು ನಾನೇ ಹಿಂದೊಮ್ಮೆ ಎರಡು ಮೈಕು ದೂರ ದೂರ ಇಟ್ಟು ರೆಕಾರ್ಡು ಮಾಡಿದ ಚೆಂಡೆಯನ್ನು ಹಾಕಿದೆ. ಬಂತು! ಸ್ವಲ್ಪ ಸಪೂರ ಬಂತು, ಆದರೆ ಬಂತು.

"ಎಷ್ಟು ಕ್ಲಿಯರ್ ಉಂಟು ನೋಡಿ ಅಣ್ಣ!"

ಅಣ್ಣ ಸ್ಪೀಕರಿನ ಎದುರು ಹೋಗಿ ಕಿವಿ ಕೊಟ್ಟರು. "ಅಡಿ ಇಲ್ಲ ಇದಕ್ಕೆ. ನೀರು ಹಾಕಿದ ಮಜ್ಜಿಗೆ ಹಾಗುಂಟು." ಮತ್ತೆ ತಮ್ಮ ಎರಡು ಕಾಲಿನ ವಯರನ್ನೂ ಮಿಕ್ಸರಿಗೆ ಚುಚ್ಚಿ, ಅದರ ಸಣ್ಣ ತುದಿಯನ್ನು ನನ್ನ ಲ್ಯಾಪ್‌ಟಾಪಿನ ಪಕ್ಕ ತಂದಿಟ್ಟರು. "ಇದು ಇಲ್ಲಿ ಇರ್ಲಿ. ತಿನ್ಲಿಕ್ಕೆ ಕೇಳುವುದಿಲ್ಲ ಅಲ್ವಾ."

ಸಭೆ ಮುಗಿದು, ಒಗಟು ಹೇಳುವ ಸ್ಪರ್ಧೆ ಮುಗಿದು, ಮನರಂಜನೆ ಶುರುವಾಯಿತು. ನಿರೂಪಣೆಯೂ ಅಧ್ಯಕ್ಷೆಯದೇ. "ಈಗ ನಮ್ಮ ಟೈಲರಕ್ಕ ಒಂದು ತುಳು ಹಾಡು ಹಾಡ್ತಾರಂತೆ" ಎಂದರು. ಆ 'ಅಂತೆ' ಹಾಲಿನ ಕೊನೆಯವರೆಗೆ ಕೇಳಿತು.

ಮಾಮಿ ಬಂದರು. ಹಸಿರು ಸೀರೆ, ಅದಕ್ಕೆ ತಾವೇ ಹೊಲಿದ ಕೆಂಪು ರವಿಕೆ. ಮೈಕನ್ನು ಬಾಯಿಂದ ಒಂದು ಗೇಣು ದೂರ ಹಿಡಿದುಕೊಂಡರು. ಅದು ಹೇಗೂ ಫಾಲ್ ತಾನೇ, ಕಾಣಬಾರದು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅಸಲು ಗಾಯಕಿಯ ಸ್ವರವನ್ನು ನಂಬಿ, ಮಾಮಿಯ ಮೈಕಿನ ಗುಬ್ಬಿಯನ್ನು ಸ್ವಲ್ಪವೇ ಎತ್ತಿ, ನಾನು ಹಾಡು ಬಿಟ್ಟೆ.

ಕೊಳಲು ಬಂತು. ತಾಳ ಬಂತು. ಪಲ್ಲವಿ ಬರುವ ಜಾಗ ಬಂತು.

ಗಾಯಕಿ ಬರಲಿಲ್ಲ.

ಎಲ್ಲೋ ಬಾವಿಯ ತಳದಿಂದ ಯಾರೋ ಕೂಗಿದ ಹಾಗೆ ಸಣ್ಣ ಪ್ರತಿಧ್ವನಿಯೊಂದು ಕೇಳಿತು, ಅಷ್ಟೆ. ಅದರ ಮೇಲೆ, ಹೊರಗೆ ಮಳೆಯೂ ನಿಂತಿದ್ದ ಹೊತ್ತಿನಲ್ಲಿ, ಇಡೀ ಹಾಲಿಗೆ ಕೇಳುವಂತೆ ಮಾಮಿಯ ಸ್ವರ. ಒಂದು ಸಾಲು ಹೇಳಿ ಅವರು ಬಾಯಿ ಮುಚ್ಚಿದರು. ನನ್ನ ಕಡೆ ನೋಡಿದರು. ಈ ಸಲ ಕಣ್ಣು ಮಿಟುಕಿಸಲಿಲ್ಲ.

ಆಗ ನನಗೆ ಹೊಳೆಯಿತು. ಮೂರು ಪಿನ್ನಿನ ವಯರು ಇರುವುದು ಮೈಕಿಗೆ. ಅರ್ತಿಂಗ್ ಬಿಟ್ಟು ಉಳಿದ ಎರಡು ಎಳೆಯಲ್ಲಿ ಮೈಕು ಒಂದೇ ಸ್ವರವನ್ನು ಒಂದಕ್ಕೊಂದು ಉಲ್ಟಾ ಮಾಡಿ ಕಳುಹಿಸುತ್ತದೆ. ಉದ್ದ ವಯರಿನಲ್ಲಿ ದಾರಿಯಲ್ಲಿ ಸೇರುವ ಗುಂಯ್ ಶಬ್ದ ಎರಡೂ ಎಳೆಗೆ ಒಂದೇ ಸಮನಾಗಿ ಸೇರುತ್ತದೆ. ಹಾಗಾಗಿ ಮಿಕ್ಸರು ಒಂದು ಎಳೆಯಿಂದ ಇನ್ನೊಂದನ್ನು ಕಳೆಯುತ್ತದೆ. ಎರಡರಲ್ಲೂ ಒಂದೇ ಥರ ಇರುವುದೆಲ್ಲ ಕಸ ಎಂಬುದು ಅದರ ನಂಬಿಕೆ. ಹಾಡುಗಳಲ್ಲಿ ಎಡಕ್ಕೂ ಬಲಕ್ಕೂ ಒಂದೇ ಥರ ಇರುವುದು ಯಾವುದು? ನಡುವಿನಲ್ಲಿ ನಿಂತ ಗಾಯಕಿಯ ಸ್ವರ. ಮಿಕ್ಸರು ಅವಳನ್ನು ಗುಡಿಸಿ ಹೊರಗೆ ಹಾಕಿತ್ತು. ನನ್ನ ಚೆಂಡೆಯಲ್ಲಿ ಎಡ ಬೇರೆ, ಬಲ ಬೇರೆ ಇದ್ದದ್ದರಿಂದ ಅದು ಉಳಿದಿತ್ತು. ಇಯರ್‌ಫೋನಿನ ಪಿನ್ನು ಅರ್ಧ ಹೊರಗೆ ಬಂದಾಗ ಹಾಡುವವರು ಮಾಯವಾಗಿ ಬರೀ ವಾದ್ಯ ಕೇಳುವುದಿಲ್ಲವೇ, ಇದು ಅದರ ಅಕ್ಕ.

ಅಣ್ಣ ಮೊಣಕೈಯಿಂದ ತಿವಿದರು. "ಕಿತ್ತು ಹಾಕು ಅದನ್ನು. ಇದು ಚುಚ್ಚು."

ಎರಡು ಸೆಕೆಂಡಿನ ಕೆಲಸ. ಕೈ ಹಾಕಿದವಳು ನಿಂತೆ. ಈಗ ಹಾಡು ಕಡಿದರೆ ಮಾಮಿ ಮೈಕು ಕೆಳಗಿಟ್ಟು ಇಳಿಯುತ್ತಾರೆ, ಪುನಃ ಹತ್ತುವುದಿಲ್ಲ. ಇದು ನಾನು ಎಲ್ಲರಿಗೂ ಹೇಳುವ ಕಾರಣ, ಅರ್ಧ ಸತ್ಯವೂ ಹೌದು. ಉಳಿದ ಅರ್ಧ ಏನೆಂದರೆ, ಮಾಮಿ ಈಗ ಏನು ಮಾಡುತ್ತಾರೆ ಎಂದು ನೋಡುವ ಆಸೆ. ಮೈಕಿನ ಗುಬ್ಬಿಯನ್ನು ಇನ್ನೂ ಸ್ವಲ್ಪ ಎತ್ತಿದೆ.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಮಿ ಮೈಕನ್ನು ಬಾಯಿಗೆ ತಾಗಿಸಿಕೊಂಡರು.

"ನಗಾಡುವವರು ಎದ್ದು ಇಲ್ಲಿಗೆ ಬನ್ನಿ. ನೀಲಿ ಸೀರೆಯವರೇ, ನಿಮ್ಮ ರವಿಕೆ ಇನ್ನೂ ನನ್ನ ಅಂಗಡಿಯಲ್ಲೇ ಉಂಟು, ನೆನಪಿರ್ಲಿ."

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಆ ನಗೆಯೊಳಗೇ ಮಾಮಿ ಹಾಡು ಹಿಡಿದರು. ಚೆನ್ನಾಗಿ ಹಾಡಿದರು ಎಂದು ಬರೆದರೆ ಸುಳ್ಳಾಗುತ್ತದೆ. ಶ್ರುತಿ ಒಂದು ಬಸ್ಸಿನಲ್ಲಿ, ಮಾಮಿ ಇನ್ನೊಂದರಲ್ಲಿ. ಮೊದಲ ಚರಣವನ್ನು ಎರಡು ಸಲ ಹೇಳಿದರು. ಆದರೆ ಬಲಗಾಲು ಮಾತ್ರ ಹೊಲಿಗೆ ಮೆಷಿನ್ ತುಳಿಯುವ ಹಾಗೆ ತಾಳ ಹಾಕುತ್ತಿತ್ತು, ಅದು ಒಮ್ಮೆಯೂ ತಪ್ಪಲಿಲ್ಲ. ನಡುವಿನಲ್ಲಿ ಸ್ವರ ಬಹಳ ಮೇಲೆ ಹೋಗುವ ಜಾಗವೊಂದಿದೆ, ಅಲ್ಲಿಗೆ ಹತ್ತಲಿಕ್ಕಾಗುವುದಿಲ್ಲವೆಂದು ಅವರಿಗೇ ಗೊತ್ತಾಯಿತು. ಆ ಸಾಲನ್ನು ಹಾಡಲೇ ಇಲ್ಲ, ದುಡ್ಡು ಬಾಕಿ ಇಟ್ಟ ಗಿರಾಕಿಯನ್ನು ಬೈಯುವ ರಾಗದಲ್ಲಿ ಹೇಳಿಬಿಟ್ಟರು. ಪ್ರೀತಿಯ ಹಾಡು ಅದು! ಹೆಂಗಸರು ಕಣ್ಣೊರೆಸಿಕೊಂಡು ನಗುತ್ತಾ ಚಪ್ಪಾಳೆಯನ್ನು ತಾಳಕ್ಕೇ ಹಾಕಲು ಶುರುಮಾಡಿದರು. ಮುಗಿದಾಗ ಒಂದಿಬ್ಬರು ಇನ್ನೊಮ್ಮೆ ಎಂದರು.

"ಇನ್ನೊಮ್ಮೆ ಆಗ್ಲಿಕ್ಕಿಲ್ಲ, ದಮ್ಮು ಇಲ್ಲ" ಎಂದು ಮಾಮಿ ಇಳಿದು ನೇರ ನಮ್ಮ ಮೇಜಿಗೆ ಬಂದರು. ಮುಖವೆಲ್ಲ ಬೆವರು.

"ಎಂತ ಮಾಡಿದ್ದು ನೀನು? ಅವಳೆಲ್ಲಿ ಸತ್ತಳು, ಹಾಡುವವಳು?"

"ವಯರು ತಪ್ಪಿತು ಮಾಮಿ. ನಾನು ಬೆಸೆದದ್ದೇ ತಪ್ಪು. ನಡುವಿನ ಸ್ವರವನ್ನು ಅದು ತಿನ್ನುತ್ತದೆ." ಅಳು ಬರುವ ಹಾಗಿತ್ತು. ನಗುವೂ ಬರುತ್ತಿತ್ತು, ಅದನ್ನು ಒಳಗಿಟ್ಟುಕೊಂಡೆ.

ಮಾಮಿಯ ಬೈಗಳು ಇನ್ನೂ ಬಾಯಲ್ಲಿರುವಾಗಲೇ ಅಧ್ಯಕ್ಷೆ ಬಂದು ನನ್ನ ಕೈಗೆ ಪೆನ್‌ಡ್ರೈವು ಕೊಟ್ಟರು. "ನನ್ನ ಹಾಡು ಇದರಲ್ಲುಂಟು. ಒಂದೇ ಫೈಲು. ಸ್ವಲ್ಪ ಜೋರಾಗಿಡು, ಮೈಕು ಸ್ವಲ್ಪ ಕಡಿಮೆ." ಹೇಳಿ ವೇದಿಕೆಗೆ ಹೋದರು. ಫೈಲು ಸರಿಯಾ ಎಂದು ಹೆಡ್‌ಫೋನಿನಲ್ಲಿ ಕೇಳಿದೆ. ಕೇಳಿ, ಹೆಡ್‌ಫೋನನ್ನು ಬಿಚ್ಚಿ ಮಾಮಿಯ ಕಿವಿಗೆ ಇಟ್ಟೆ.

ಕರೋಕೆ ಅಲ್ಲ. ಗಾಯಕಿ ಸಮೇತ ಅಸಲು ಹಾಡು.

ಮಾಮಿಯ ಕಣ್ಣು ದೊಡ್ಡದಾಯಿತು. "ಇವಳೂ ಫಾಲಾ?"

ಅಣ್ಣ ಬೇರೆ ಕಡೆ ನೋಡಿದರು. ಅವರಿಗೆ ಇಷ್ಟು ವರ್ಷವೂ ಗೊತ್ತಿತ್ತೆಂದು ಅವರ ಕುತ್ತಿಗೆಯೇ ಹೇಳಿತು.

"ಈಗ ಈ ವಯರಿನಲ್ಲಿ ಹಾಕಿದರೆ ಅವಳದ್ದೂ ನನ್ನ ಹಾಗೇ ಬರ್ತದಾ?" ಮಾಮಿ ಪಿಸುಗುಟ್ಟಿದರು.

"ಹಾಗೇ ಬರ್ತದೆ."

ಮಾಮಿ ವೇದಿಕೆ ನೋಡಿದರು, ನನ್ನ ವಯರು ನೋಡಿದರು, ಅಣ್ಣನ ಟೇಪು ಸುತ್ತಿದ ವಯರು ನೋಡಿದರು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವರು ಹೀಗೆಯೇ ನೋಡುವುದು.

"ಒಂದು ಸಾಲು" ಎಂದರು. "ಒಂದೇ. ಮತ್ತೆ ಸರಿ ಮಾಡು."

ನಾನು ಹಾಡು ಬಿಟ್ಟೆ. ನನ್ನ ವಯರಿನಲ್ಲೇ. ಅಧ್ಯಕ್ಷೆ ಕಣ್ಣು ಮುಚ್ಚಿ, ಕೈಯನ್ನು ಗಾಳಿಯಲ್ಲಿ ಚಂದಕ್ಕೆ ತಿರುಗಿಸಿ, ಬಾಯಿ ತೆರೆದರು. ಒಂದು ಸಾಲು. ಬರೀ ಅವರದ್ದೇ. ಸ್ವರ ತೀರಾ ಕೆಟ್ಟದಾಗಿಯೇನೂ ಇರಲಿಲ್ಲ, ನಡುಗುತ್ತಿತ್ತು ಅಷ್ಟೇ, ಶಾಲೆಯಲ್ಲಿ ಮೊದಲ ಸಲ ಪ್ರಾರ್ಥನೆ ಹೇಳುವವರ ಹಾಗೆ. ಮುಚ್ಚಿದ್ದ ಕಣ್ಣು ಫಕ್ಕನೆ ತೆರೆಯಿತು. ಎದುರಿಗೆ, ಮೇಜಿನ ಹಿಂದೆ, ಸೊಂಟಕ್ಕೆ ಕೈಯಿಟ್ಟು ಮಾಮಿ.

ಎರಡನೆಯ ಸಾಲಿಗೆ ಮೊದಲು ಬರುವ ಕೊಳಲಿನಲ್ಲಿ ಅಣ್ಣ ಗುಬ್ಬಿ ಇಳಿಸಿದರು, ನಾನು ನನ್ನ ವಯರು ಕಿತ್ತು ಅವರದ್ದು ಚುಚ್ಚಿದೆ, ಅವರು ಗುಬ್ಬಿ ಏರಿಸಿದರು. ಗಾಯಕಿ ಬಂದಳು, ದಪ್ಪಗೆ, ಅಡಿ ಸಮೇತ, ಕ್ಯಾಸೆಟ್ಟಿನಲ್ಲಿ ಕೇಳಿದ ಹಾಗೆಯೇ. ಕೂತವರು ಮೊದಲ ಸಾಲನ್ನು ಮೈಕಿನ ತೊಂದರೆ ಎಂದುಕೊಂಡು ಮರೆತರು.

ಹಾಡು ಮುಗಿಸಿ ಅಧ್ಯಕ್ಷೆ ಪೆನ್‌ಡ್ರೈವು ತೆಗೆದುಕೊಳ್ಳಲು ಬಂದರು. ಆಗ ಮಾಮಿ ಊಟದ ಸಾಲಿನ ಹತ್ತಿರ ಹೋಗಿ ಕೂತಿದ್ದರು.

"ಸುರುವಿಗೆ ಎಂತಾಯಿತು ಹುಡುಗಿ?"

"ವಯರು ಸರಿ ಇರ್ಲಿಲ್ಲಕ್ಕ."

"ನಿನ್ನ ಮಾಮಿಗೂ ಅದೇ ವಯರಾ?"

"ಹೌದು."

"ಪೂರ್ತಿ ಹಾಡಿಗಾ?"

"ಪೂರ್ತಿ."

ಅವರು ಪೆನ್‌ಡ್ರೈವನ್ನು ಪರ್ಸಿಗೆ ಹಾಕಿಕೊಂಡರು. "ನಡುವಿನಲ್ಲಿ ಮೇಲೆ ಹೋಗುವುದುಂಟಲ್ಲ, ಅದು ಸಹ ಅವರೇ?"

"ಅದು ಹಾಡಿದ್ದಲ್ಲಕ್ಕ. ಬೈದದ್ದು."

ಅಧ್ಯಕ್ಷೆ ನಗು ತಡೆಯಲು ನೋಡಿದರು, ಆಗಲಿಲ್ಲ. ಆಮೇಲೆ ಹೋಗಿ ಮಾಮಿಯ ಪಕ್ಕದ ಕುರ್ಚಿ ಎಳೆದು ಕೂತರು. ಏನು ಮಾತಾಡಿದರೆಂದು ಸ್ಪೀಕರುಗಳ ಮಧ್ಯೆ ನಿಂತ ನನಗೆ ಕೇಳಲಿಲ್ಲ.

ಬಸ್‌ಸ್ಟಾಂಡಿಗೆ ನನ್ನನ್ನು ಬಿಡಲು ಬಂದಾಗ ಮಾಮಿ ತಾವಾಗಿಯೇ ಹೇಳಿದರು. "ಒಂದು ಸಾಲಿಗೇ ಅವರಿಗೆ ಸಾಕೋ ಸಾಕಾಯಿತಂತೆ. 'ನೀವು ಅಷ್ಟುದ್ದ ಹೇಗೆ ನಿಂತದ್ದು ಮಾರಾಯ್ತಿ' ಅಂತ ಕೇಳಿದರು. ಯಾರಿಗೂ ಹೇಳ್ಬೇಡಿ ಅಂದರು." ಫೋನಿನಲ್ಲಿ 'ಅವಳು' ಆಗಿದ್ದವರು ಈಗ 'ಅವರು' ಆಗಿದ್ದನ್ನು ನಾನು ಗಮನಿಸಿದೆ.

"ನೀವು ಹೇಳ್ತೀರಾ ಮಾಮಿ?"

"ನಾನು ಟೈಲರು. ಈ ಊರಿನ ಎಲ್ಲರ ಸೊಂಟದ ಸುತ್ತಳತೆ ನನ್ನ ಪುಸ್ತಕದಲ್ಲುಂಟು. ಯಾರಿಗಾದರೂ ಹೇಳಿದ್ದೇನಾ?"

ಮಾಮಿ ಹೇಳಲಿಲ್ಲ. ಹೇಳುತ್ತಿರುವುದು ನಾನು, ಹೆಸರು ಹಾಕದೆ. ಯಾಕೆಂದರೆ ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಹಾಡು ಕೊಡುವಾಗ ಎರಡು ಕಾಲಿನ ವಯರೇ ಸರಿ ಎಂದು ಬರಿದೇ ಬರೆದರೆ ನೀವು ಓದಿ ಮರೆಯುತ್ತೀರಿ. ಮೂರು ಪಿನ್ನಿನದ್ದೇ ಬೇಕಾದರೆ ಬಲದ ಎಳೆಯನ್ನು ಬಿಟ್ಟು ಎಡದ್ದನ್ನು ಮಾತ್ರ ಬೆಸೆಯಿರಿ, ದಪ್ಪ ಪಿನ್ನಿನಲ್ಲಿ ಖಾಲಿ ಉಳಿದ ಕಡ್ಡಿಯನ್ನು ಅಲ್ಲೇ ಅರ್ತಿಂಗಿಗೆ ಸೇರಿಸಿ. ಹಾಡುವವರು ಉಳಿಯುತ್ತಾರೆ. ಪಿನ್ನು ತೂತಿಗೆ ಕೂತಿತೆಂದ ಮಾತ್ರಕ್ಕೆ ವಯರು ಸರಿ ಎಂದು ನಂಬಬೇಡಿ, ಬಿಗಿ ರವಿಕೆಯೂ ಮೈಮೇಲೆ ಕೂರುತ್ತದೆ. ನೀವೂ ಎಲ್ಲಾದರೂ ತಪ್ಪು ವಯರು ಚುಚ್ಚಿ ಯಾರನ್ನಾದರೂ ವೇದಿಕೆಯ ಮೇಲೆ ಒಂಟಿ ಮಾಡಿದ್ದೀರಾ? ಸರಿಯಾದದ್ದು ಕೈಯಲ್ಲಿದ್ದರೂ ಎರಡು ಕ್ಷಣ ಸುಮ್ಮನೆ ಕೂತು ಮಜಾ ನೋಡಿದ್ದೀರಾ? ಬರೆಯಿರಿ ಮಾರಾಯ್ರೆ. ನನ್ನೊಬ್ಬಳಿಗೇ ಪಾಪ ಸುತ್ತಿಕೊಳ್ಳುವುದು ಬೇಡ.